ಗಾಳಿ ಹೊಕ್ಕ ಗಾಡಿಯಲ್ಲಿ ಮೀನುಮರಿಗಳು

ಪರದೇಶಕ್ಕೆ ಹೋಗಿಬಂದವರು ಈಚೆಗೆ ನಮ್ಮಲ್ಲಿ ಹೆಚ್ಚಾಗಿದ್ದಾರೆ. ಬಂದವರು ಅಲ್ಲಿನ ಹಿಮ, ಅಲ್ಲಿನ ಸೇತುವೆ, ಅಲ್ಲಿ ಯಾರೂ ರಸ್ತೆಯಲ್ಲಿ ಉಗುಳದಿರುವ ವಿಚಾರ ಮುಂತಾಗಿ ಬರೆಯುತ್ತಾರೆ. ಓದಿ ನಾನೂ ತಲೆದೂಗಿದ್ದೇನೆ. ನಾನು ಹೋಗಿಬಂದ ಪರದೇಶಕ್ಕೆ ಹಡಗು ಬೇಕಿಲ್ಲ, ಅಲ್ಲಿ ವಿಮಾನ ಇಳಿಯುವುದಿಲ್ಲ, ಪಾಸ್‌ಪೋರ್ಟು ಕೇಳುವವರೂ ಇಲ್ಲ. ಅದರ ಹೆಸರು ಇಂಡಿ. ನಕ್ಷೆಯಲ್ಲಿ ನೋಡಿದರೆ ಇಂಡಿಯಾದ ಒಳಗೇ ಇದೆ. ಹೆಸರಿನಲ್ಲಿ ಒಂದೇ ಅಕ್ಷರ ಕಡಿಮೆ.

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಇನ್ನೂ ಬಹಳ ಕಾಲವಾಗಿರಲಿಲ್ಲ. ನಾನು ಮಂಡ್ಯದ ಕಡೆಯವನು. ಹೊಸಪೇಟೆಯ ಹತ್ತಿರ ಮೀನುಮರಿ ಬೆಳೆಸುವ ಕೊಳಗಳಲ್ಲಿ ಕೆಲಸಕ್ಕೆ ಆಗಷ್ಟೇ ಸೇರಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೇಲಿನವರು ನನ್ನನ್ನು ಕರೆದು, ವಿಜಾಪುರ ಜಿಲ್ಲೆಯ ಕೆರೆಗಳಿಗೆ ಕಾಟ್ಲಾ, ರೋಹು ಮರಿಗಳನ್ನು ಬಿಟ್ಟುಬರುವಂತೆ ಅಪ್ಪಣೆ ಮಾಡಿದರು. ‘ಅಲ್ಲಿಯ ಭಾಷೆ ಬರುತ್ತೇನಯ್ಯ?’ ಎಂದು ಕೇಳಿದರು. ಕನ್ನಡವೇ ಅಲ್ಲವೇ ಸ್ವಾಮಿ, ಎಂದೆ. ಭಾಷೆ ಬರುತ್ತದೆ ಎಂದು ತಿಳಿದುಕೊಂಡು ಹೋಗುವುದಕ್ಕಿಂತ ಅಪಾಯದ ಪ್ರಯಾಣ ಇನ್ನೊಂದಿಲ್ಲ.

ಇಂಡಿ

ಗದಗಿನಲ್ಲಿ ರೈಲು ಬದಲಿಸಿ, ರಾತ್ರಿಯೆಲ್ಲ ಅಗಲಬಾಯಿಯ ತಗಡಿನ ಡಬ್ಬಗಳನ್ನು ಕಾಯುತ್ತ ಕೂತು, ಬೆಳಿಗ್ಗೆ ಇಂಡಿ ಸ್ಟೇಷನ್ನಿನಲ್ಲಿ ಇಳಿದೆ. ಡಬ್ಬಗಳ ತುಂಬ ನೀರು. ನೀರಿನ ತುಂಬ ಬೆರಳಿನ ಉಗುರಿನಷ್ಟು ಉದ್ದದ ಮರಿಗಳು. ಇವುಗಳ ಸ್ವಭಾವ ಹೇಳಿಬಿಡುತ್ತೇನೆ. ಗಾಡಿ ಓಡುತ್ತಿದ್ದರೆ ಡಬ್ಬದ ನೀರು ತುಳುಕುತ್ತದೆ, ತುಳುಕುವ ನೀರಿಗೆ ಗಾಳಿ ಬೆರೆಯುತ್ತದೆ, ಮರಿಗಳು ಸುಖವಾಗಿರುತ್ತವೆ. ಗಾಡಿ ನಿಂತರೆ ನೀರು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಮರಿಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆಯುತ್ತವೆ. ಆಗ ಯಾರಾದರೂ ಕೈಯಿಂದ ನೀರನ್ನು ಬಡಿಯುತ್ತಲೇ ಇರಬೇಕು. ಬಡಿಯುವುದು ನಿಂತರೆ ಡಬ್ಬವನ್ನು ಕೆರೆಗೆ ಒಯ್ಯುವ ಅಗತ್ಯ ಉಳಿಯುವುದಿಲ್ಲ.

ಸ್ಟೇಷನ್ನಿನ ಹೊರಗೆ ನಿಂಬೆಹಣ್ಣಿನ ಮೂಟೆಗಳ ನಡುವೆ ಇಬ್ಬರು ನನಗಾಗಿ ಕಾದಿದ್ದರು. ಒಬ್ಬ ಮೌಲಾಸಾಬ, ಬಾಡಿಗೆಗೆ ಗೊತ್ತುಮಾಡಿದ್ದ ಡೀಸೆಲ್ ಪಿಕಪ್ಪಿನ ಚಾಲಕ. ಇನ್ನೊಬ್ಬ ಯಮನಪ್ಪ. ಮುದ್ದೇಬಿಹಾಳದ ಆಚೆಯ ಹಳ್ಳಿಯ ಅಂಬಿಗರವನು. ಮರಿಗಳ ಕೊನೆಯ ಪಾಲು ಅವನ ಊರಿನ ಕೆರೆಗೆ. ಮರಿಗಳು ಕೆರೆಗೆ ಬರುವ ತನಕ ಕಾಯಲಾರದೆ ಇಂಡಿಗೇ ಬಂದುಬಿಟ್ಟಿದ್ದ.

ಮೌಲಾಸಾಬ ಡಬ್ಬದೊಳಗೆ ಇಣುಕಿದ. “ಇವು ಮೀನಾ, ಜೀರಗಿನಾ? ಯಮನಪ್ಪಣ್ಣ, ಇವನ್ನ ಹಿಡಿಯಾಕ ನಿನಗ ಬಲಿ ಬ್ಯಾಡ. ಚಾ ಸೋಸೂ ಜರಡಿ ಸಾಕು.”

“ನಕ್ಕೋ,” ಅಂದ ಯಮನಪ್ಪ. “ಮುಂದಿನ ವರ್ಷ ಒಂದೊಂದು ನಿನ್ನ ತೊಡಿಯಷ್ಟ ಆಗ್ತಾವ. ಆವಾಗ ಬಾ, ನನ್ನ ಮನಿ ಮುಂದ ನಿಂತ ನಗು.”

ಆಮೇಲೆ ನನ್ನ ಕಡೆ ತಿರುಗಿ ವಿಷಯ ತಿಳಿಸಿದ. ಹೋದ ಸಲ ಮಳೆ ತಪ್ಪಿದಾಗ ಕೆರೆ ತಳ ಕಂಡು ಮೀನಿನ ಸಂತಾನವೇ ಹೋಗಿತ್ತು. ಈಗ ಕೆರೆ ತುಂಬಿದೆ, ನೀರಿದೆ, ಮೀನಿಲ್ಲ. “ನಮ್ಮ ತಮ್ಮ ದುರಗಪ್ಪ ಮುಂಬೈದಾಗ ಚೀಲಾ ಹೊರತಾನ್ರಿ. ಕೆರ್ಯಾಗ ಮೀನ ಬಂದ್ರ ಬರ್ತೇನಿ ಅಂತ ಹೇಳಿ ಹೋಗ್ಯಾನ. ನಮ್ಮವ್ವ ದಿನಾ ಕೆರಿ ದಂಡಿಗೆ ಹೋಗಿ ನೋಡಿ ಬರ್ತಾಳ. ಮೀನ ನೋಡಾಕ ಹೋಗ್ತಾಳೋ, ಮಗನ್ನ ನೋಡಾಕ ಹೋಗ್ತಾಳೋ, ನಾ ಕೇಳಿಲ್ಲ.”

ಹೀಗೆ ಡಬ್ಬದಲ್ಲಿ ಮೀನಿನ ಜೊತೆಗೆ ಒಬ್ಬ ತಮ್ಮನೂ ಇದ್ದಾನೆಂದು ಗೊತ್ತಾಯಿತು. ಸರ್ಕಾರಿ ಕಾಗದದಲ್ಲಿ ಅವನ ವಿಷಯ ಬರೆದಿರಲಿಲ್ಲ.

ಇಂಡಿಯ ಪಾಲನ್ನು ಇಂಡಿಯವರಿಗೆ ಒಪ್ಪಿಸಿ ಗಾಡಿಯ ಕಡೆ ಹೋದರೆ ಅದು ಸ್ಟೇಷನ್ನಿನಿಂದ ಬಹಳ ದೂರದಲ್ಲಿ, ಒಂದು ಮಣ್ಣುದಿಬ್ಬದ ನೆತ್ತಿಯ ಮೇಲೆ, ಮೂತಿ ಕೆಳಗೆ ಮಾಡಿಕೊಂಡು ನಿಂತಿತ್ತು.

“ಅಷ್ಟು ಮೇಲೆ ಯಾಕಪ್ಪ ನಿಲ್ಲಿಸಿದ್ದೀಯ?”

“ಬ್ಯಾಟರಿ ಮುದುಕಾಗೇತ್ರಿ ಸಾಹೇಬ್ರ. ಇಳಿಜಾರ ನೋಡಿ ನಿಲ್ಲಸ್ತೇನಿ. ಬ್ರೇಕ್ ಬಿಟ್ಟರ ಉಳ್ಳತೈತಿ, ಗೇರಿಗೆ ಹಾಕಿದ್ರ ಚಾಲೂ ಆಗ್ತೈತಿ. ದೇವರು ದಿಬ್ಬ ಮಾಡಿದ್ದ ಇದರ ಸಲುವಾಗಿ.”

ಆ ಸೀಮೆ ಕಣ್ಣು ಹಾಯುವವರೆಗೆ ರೊಟ್ಟಿ ತಟ್ಟಿದಷ್ಟು ಸಮ. ಅಲ್ಲಿ ಇಳಿಜಾರು ಹುಡುಕಿ ಜೀವನ ಸಾಗಿಸುವವನಿಗಿರುವ ನಂಬಿಕೆ ದೊಡ್ಡದೇ ಇರಬೇಕು.

ಸಿಂದಗಿ

ಸಿಂದಗಿಯಲ್ಲಿ ಕೆರೆಯ ಕೆಲಸ ಮುಗಿಸಿ, ಉಳಿದ ಡಬ್ಬಗಳ ನೀರು ಬಡಿಯಲು ಅಲ್ಲಿಯ ಹುಡುಗರನ್ನು ಕೂರಿಸಿ ಊಟಕ್ಕೆ ಕೂತೆವು. ನಾನು ಮುದ್ದೆ ನುಂಗಿ ಬೆಳೆದವನು. ಇಲ್ಲಿ ಊಟವನ್ನು ಮುರಿಯುತ್ತಾರೆ. ಖಡಕ್ ರೊಟ್ಟಿಯ ಪಂಕ್ತಿಯಲ್ಲಿ ಕೂತರೆ ಪಕ್ಕದವರು ಹೆಂಚು ಒಡೆಯುತ್ತಿದ್ದಾರೇನೋ ಎನಿಸುತ್ತದೆ. ಮಾತೂ ಹಾಗೆಯೇ. ನಮ್ಮ ಕಡೆ ‘ಬನ್ನಿ, ಕೂತ್ಕೊಳ್ಳಿ’ ಎಂದರೆ ಕೂತರೂ ಆಯಿತು, ಹೋದರೂ ಆಯಿತು. ಇಲ್ಲಿ ‘ಬರ್ರಿ, ಕುಂಡ್ರ್ರಿ’ ಎಂದರೆ ಮೊದಲು ಕೂರಬೇಕು, ಆಮೇಲೆ ಯಾಕೆಂದು ಕೇಳಬೇಕು. ಮೊದಲು ಗದರಿಸುತ್ತಿದ್ದಾರೆಂದು ಅಂಜಿದ್ದೆ. ತಟ್ಟೆಗೆ ಮೂರನೆಯ ಸಲ ಶೇಂಗಾ ಹಿಂಡಿ ಬಿದ್ದ ಮೇಲೆ ಇದು ಉಪಚಾರವೆಂದು ತಿಳಿಯಿತು.

ಸಿಂದಗಿಯ ಬಂಕಿನಲ್ಲಿ ಡೀಸೆಲ್ ಮುಗಿದಿತ್ತು. ಮೌಲಾಸಾಬ ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟು, ಎತ್ತಿ ನೋಡಿ, “ಬಾಗೇವಾಡಿತನಾ ಸಾಕ್ರಿ, ಅಲ್ಲಿ ಹಾಕ್ಸೂಣು,” ಎಂದ. ಕಡ್ಡಿಯ ತುದಿ ಒದ್ದೆಯಾಗಿತ್ತು, ಸುಳ್ಳು ಹೇಳಬಾರದು.

ಹಿಪ್ಪರಗಿಯಾಚೆಯ ಹಳ್ಳ

ಹಿಪ್ಪರಗಿ ದಾಟಿದ ಮೇಲೆ ರಸ್ತೆಗೆ ಅಡ್ಡವಾಗಿ ಒಂದು ಹಳ್ಳ ಬಂತು. ಯಮನಪ್ಪ ಹಿಂದಿನಿಂದ ಕ್ಯಾಬಿನ್ನಿನ ತಗಡು ಬಡಿದ. “ನಿಲ್ಲಸೋ ಮೌಲಾ. ಮುಂದ ಡೋಣಿ ಹೊಳಿ ಬರ್ತೈತಿ, ಅದರ ನೀರು ಸವಳು, ಬರೇ ಉಪ್ಪು. ಇಲ್ಲೇ ನೀರ ಬದಲಸೂಣು.”

ಮೌಲಾಸಾಬನಿಗೆ ಸಂತೋಷವೇ ಆಯಿತು. ಹಳ್ಳಕ್ಕೆ ಇಳಿಯುವ ದಾರಿ ಅವನು ಆ ದಿನ ಕಂಡ ಅತ್ಯುತ್ತಮ ಇಳಿಜಾರು. ಅದರ ನಡುವೆ, ಮೂತಿ ನೀರಿನ ಕಡೆ ಮಾಡಿ ನಿಲ್ಲಿಸಿದ. ನೀರು ಬದಲಿಸಿದೆವು. ಎಲ್ಲರೂ ಹತ್ತಿದ ಮೇಲೆ ‘ಬಿಸ್ಮಿಲ್ಲಾ’ ಎಂದು ಬ್ರೇಕ್ ಬಿಟ್ಟ. ಗಾಡಿ ಉರುಳಿತು, ಗೇರಿಗೆ ಬಿತ್ತು, ಒಮ್ಮೆ ಕೆಮ್ಮಿತು, ನೀರಿನ ಅಂಚಿಗೆ ಹೋಗಿ ಕುಡಿಯಲು ಬಂದ ಎತ್ತಿನಂತೆ ತಲೆ ತಗ್ಗಿಸಿ ನಿಂತಿತು. ಇನ್ನು ಕೆಳಗೆ ಇಳಿಜಾರು ಇರಲಿಲ್ಲ.

ಸೆಲ್ಫ್ ಹೊಡೆದ. ಎಂಜಿನ್ನು ಕರ್ ಎಂದು ತಿರುಗಿತು, ಹತ್ತಲಿಲ್ಲ.

“ಸಾಹೇಬ್ರ, ಹಿಂದ ಹೋಗಿ ನೋಡ್ರಿ. ಹೊಗಿ ಬರಾಕತ್ತೇತೇನು?”

“ಇಲ್ಲಪ್ಪ.”

“ಬಿಳೇ ಹೊಗಿ?”

“ಯಾವ ಬಣ್ಣದ್ದೂ ಇಲ್ಲ.”

“ಹಂಗಾರ ಡೀಸೆಲ್ಲ ಒಳಗ ಹೋಗವಲ್ದು.” ಟ್ಯಾಂಕಿಗೆ ಮತ್ತೆ ಕಡ್ಡಿ ಬಿಟ್ಟ; ಒದ್ದೆಯಾಗಿಯೇ ಬಂತು. “ಟ್ಯಾಂಕಿನ್ಯಾಗ ಐತಿ, ಎಂಜಿನ್ನಿಗೆ ಮುಟ್ಟವಲ್ದು. ನಡುವ ಏರ್ ಹಿಡದೈತಿ ನೋಡ್ರಿ.”

ಡೀಸೆಲ್ ಹೋಗುವ ಕೊಳವೆಯಲ್ಲಿ ಗಾಳಿ ಸೇರಿಕೊಂಡರೆ ಎಂಜಿನ್ನು ಎಷ್ಟು ತಿರುಗಿದರೂ ಹೊತ್ತಿಕೊಳ್ಳುವುದಿಲ್ಲವಂತೆ. ಫಿಲ್ಟರಿನ ತಲೆಯ ಮೇಲಿನ ತಿರುಪು ಸಡಿಲಿಸಿ, ಪಕ್ಕದ ಕೈಪಂಪು ಒತ್ತಿ ಒತ್ತಿ ಗುಳ್ಳೆಗಳೆಲ್ಲ ಹೊರಗೆ ಹೋಗುವ ತನಕ ಕಾಯಬೇಕು. ಆ ತಿರುಪಿಗೆ ಹೊಂದುವ ಪಾನಾ (ನಮ್ಮ ಕಡೆಯ ಸ್ಪ್ಯಾನರು) ಒಂದು ಬಿಟ್ಟು ಮೌಲಾಸಾಬನ ಪೆಟ್ಟಿಗೆಯಲ್ಲಿ ಎಲ್ಲವೂ ಇತ್ತು. ಸುಣ್ಣದ ಡಬ್ಬಿಯೂ ಇತ್ತು. ದೂರದ ಹೊಲದಲ್ಲಿ ನೀರೆತ್ತುವ ಎಂಜಿನ್ನಿನ ಸದ್ದು ಕೇಳುತ್ತಿತ್ತು. ಅಲ್ಲಿ ಪಾನಾ ಇರಲೇಬೇಕೆಂದು ಅವನು ಆ ಕಡೆ ನಡೆದ.

ಇತ್ತ ಮರಿಗಳು ಮೇಲಕ್ಕೆ ಬರತೊಡಗಿದವು. ವಿಧಿಯ ಲೆಕ್ಕಾಚಾರ ನೋಡಿ: ಗಾಳಿ ಬೇಡದ ಎಂಜಿನ್ನಿಗೆ ಅದು ಹೊಕ್ಕಿತ್ತು, ಬೇಕಾದ ಮೀನಿಗೆ ಇರಲಿಲ್ಲ. ಯಮನಪ್ಪ ಎರಡೂ ಕೈಗಳಿಂದ ಒಂದೊಂದೇ ಡಬ್ಬದ ನೀರು ಬಡಿಯುತ್ತ ಸುತ್ತು ಹಾಕುತ್ತಿದ್ದ. ನಾನೂ ಒಂದು ಡಬ್ಬಕ್ಕೆ ಕೈ ಹಾಕಿದೆ. ಯಮನಪ್ಪ ಅದನ್ನು ನೋಡಿದ.

“ಸಾಹೇಬ್ರ, ನೀವು ನೀರ ಬಡಿಯೂದು ಮಜ್ಜಿಗಿ ಕಡದಂಗ ಐತಿ. ಮರಿ ಬೆಣ್ಣಿ ಆಗಿ ತೇಲ್ತಾವ. ಕೆಳಗ ಇಳೀರಿ.”

ಇಳಿದು ಬಾನೆಟ್ಟಿನ ಪಕ್ಕದಲ್ಲಿ ನಿಂತೆ. ಆಗ ಕಳೆ ತೆಗೆದು ಬರುತ್ತಿದ್ದ ಹೆಂಗಸರ ಗುಂಪು ಹಳ್ಳಕ್ಕೆ ಇಳಿಯಿತು. ಮುಂದೆ ಇದ್ದವಳು ನೀಲವ್ವ ಎಂದು ಆಮೇಲೆ ತಿಳಿಯಿತು.

“ಏನಾಗೇತ್ರಿ ಯಣ್ಣಾ?”

‘ಏರ್’ ಎನ್ನಬಹುದಿತ್ತು. ಆದರೆ ಹಳ್ಳಿಯ ಹೆಂಗಸಿನ ಮುಂದೆ ಇಂಗ್ಲಿಷು ಯಾಕೆ, ಅಚ್ಚಕನ್ನಡದಲ್ಲೇ ಹೇಳೋಣವೆಂದು ನನ್ನ ಭಾಷಾಭಿಮಾನ ಎದ್ದು ನಿಂತಿತು.

“ಗಾಳಿ ಹೊಕ್ಕಿದೆಯಮ್ಮ,” ಎಂದೆ.

ದೆವ್ವ ಮೆಟ್ಟಿದವರಿಗೆ ನಮ್ಮ ಕಡೆಯೂ ‘ಗಾಳಿ’ ಎಂದೇ ಹೇಳುತ್ತಾರೆ, ನನಗೆ ಹೊಳೆಯಬೇಕಿತ್ತು. ನೀಲವ್ವ ಎಂಜಿನ್ನಿನ ಕಡೆ ನೋಡಲಿಲ್ಲ. ಗಾಡಿಯ ಮೇಲೆ ನೋಡಿದಳು. ಅಲ್ಲಿ ಯಮನಪ್ಪ ಎದೆಯವರೆಗೆ ಒದ್ದೆಯಾಗಿ, ಕೂದಲು ಮುಖದ ಮೇಲೆ ಬಿಟ್ಟುಕೊಂಡು, ಮೌಲಾಸಾಬನನ್ನು ಬಾಯೊಳಗೇ ಬಯ್ಯುತ್ತ, ಯಾರನ್ನೂ ನೋಡದೆ ನೀರನ್ನು ಬಡಿಯುತ್ತಿದ್ದ.

“ಯಾವಾಗಿಂದ್ರಿ?” ಅವಳ ದನಿ ಇಳಿದಿತ್ತು.

“ಹಳ್ಳಕ್ಕೆ ಇಳಿದ ಮೇಲೆ. ಅಲ್ಲಿವರೆಗೆ ಏನೂ ತೊಂದರೆ ಇರಲಿಲ್ಲ.”

“ಈ ಹಳ್ಳದ್ದ ಇರಬೇಕ,” ಎಂದು ಹಿಂದಿನವರಿಗೆ ಹೇಳಿದಳು. “ಹೊಟ್ಟಿಗೆ ಏನರ ಹಾಕೀರೇನ್ರಿ?”

“ಹೊಟ್ಟೆಯಲ್ಲಿದೆ. ಮೇಲಕ್ಕೆ ಹತ್ತುತ್ತಾ ಇಲ್ಲ.”

“ಬಿಡಸಾಕ ಯಾರನ್ನರ ಕರಿಯಾಕ ಹೋಗ್ಯಾರೇನು?”

“ಬಿಡಿಸೋದು ನಮ್ಮ ಡ್ರೈವರಿಗೇ ಬರುತ್ತೆ. ಪಾನಾ ತರೋಕೆ ಹೋಗಿದ್ದಾನೆ.”

“ಪಾನಾ?”

“ಹೌದಮ್ಮ. ತಲೆ ಮೇಲೆ ಹಾಕಿ ಒಂದು ಸುತ್ತು ತಿರುಗಿಸಿ, ಚೆನ್ನಾಗಿ ಅದುಮಿದರೆ ಬುಸುಬುಸು ಅಂತ ಹೊರಗೆ ಬಂದುಬಿಡುತ್ತೆ.”

ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಬ್ಯಾಡ್ರಿ ಯಣ್ಣಾ. ಯಾರದೋ ಮಗಾ ಅಂವಾ. ಬೇವಿನ ತಪ್ಪಲದಾಗ ಬಡಿಯೂದು ನೋಡೇನಿ. ಪಾನಾದಾಗ ಬಿಡಸೂದು ಎಲ್ಲಿಯೂ ಕೇಳಿಲ್ಲ. ನಾ ಬರೂತನಾ ಅವನ್ನ ಮುಟ್ಟಬ್ಯಾಡ್ರಿ.”

ಹೆಂಗಸರೆಲ್ಲ ಊರಿನ ಕಡೆ ಓಡಿದರು. ಈ ದೇಶದಲ್ಲಿ ಹೆಂಗಸರಿಗೂ ಯಂತ್ರಗಳ ಮೇಲೆ ಎಷ್ಟು ಕರುಣೆ ಎಂದು ನಾನು ಬೆರಗಾಗಿ ನಿಂತೆ.

ಬೇಗನೆ ಊರು ಬಂತು. ಊರು ಎಂದರೆ ಊರೇ. ಮುಂದೆ ಒಬ್ಬ ಮುತ್ಯಾ, ಎಂದರೆ ಊರಿನ ಅಜ್ಜ, ಕೈಯಲ್ಲಿ ವಿಭೂತಿ. ಹಿಂದೆ ಬೇವಿನ ಸೊಪ್ಪು, ನಿಂಬೆಹಣ್ಣು, ಕಟ್ಟುಮಸ್ತಾದ ಗಂಡಸರು. ಮುತ್ಯಾ ಗಾಡಿಯ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡ.

“ಯಾರ ನೀ? ಹೆಸರ ಹೇಳು.”

“ಯಮನಪ್ಪ,” ಎಂದ ಯಮನಪ್ಪ, ತಲೆ ಎತ್ತದೆ.

ಜನ ಒಂದು ಹೆಜ್ಜೆ ಹಿಂದೆ ಸರಿದರು. ಮುತ್ಯಾ ಸರಿಯಲಿಲ್ಲ, ಅನುಭವಸ್ಥ. “ಒಬ್ಬನ ಅದಿಯೋ, ಮತ್ತ ಯಾರರ ಅದಾರೋ?”

“ಒಳಗ ಸಾವಿರಗಟ್ಟಲೆ ಅದಾವ.”

“ಏನ ಬೇಕ ಅವಕ್ಕ?”

“ಗಾಳಿ ಬೇಕ ಮುತ್ಯಾ. ಗಾಳಿ ಇಲ್ದ ಸಾಯಾಕತ್ತಾವ, ನೀ ನಿಂತ ಪಂಚಾಯ್ತಿ ಮಾಡಾಕತ್ತಿ.”

“ಎಲ್ಲಿಗೆ ಹೋಗ್ತಾವ?”

“ಕೆರಿಗೆ.”

“ತಾವ ಹೋಗ್ತೇವಿ ಅನ್ನಾಕತ್ತಾವ,” ಎಂದು ಮುತ್ಯಾ ಜನರಿಗೆ ವಿವರಿಸಿದ. “ಚಲೋ ಆತು. ತಕರಾರಿಲ್ಲ.”

ಅಷ್ಟರಲ್ಲಿ ಹೊಲದ ಕಡೆಯಿಂದ ಮೌಲಾಸಾಬ ಬಂದ. ಜೊತೆಗೆ ಪಾನಾ ಹಿಡಿದ ಸಂಗಪ್ಪ. ನೀರೆತ್ತುವ ಎಂಜಿನ್ನು ಅವನದು, ನೀಲವ್ವ ಅವನ ಹೆಂಡತಿ. ಕೈಯಲ್ಲಿ ಬೇವು ಹಿಡಿದ ಹೆಂಡತಿಯನ್ನು ಅವನು ನೋಡಿದ. ಕೈಯಲ್ಲಿ ಪಾನಾ ಹಿಡಿದ ಗಂಡನನ್ನು ಅವಳು ನೋಡಿದಳು.

“ಅದನ್ನ ಕೆಳಗಿಡ್ರಿ,” ಎಂದಳು.

“ಯಾಕ? ಗಾಡಿಗಿ ಏರ್ ಹೊಕ್ಕೈತಂತ, ಪಾನಾ ಕೇಳ್ಯಾನ, ತಂದೇನಿ. ನೀ ಯಾಕ ಬೇವ ತಂದಿ? ಗಾಡಿಗಿ ತಿನಸಾಕ?”

ನೀಲವ್ವ ಡಬ್ಬದೊಳಗೆ ಇಣುಕಿದಳು. ಆಮೇಲೆ ನನ್ನನ್ನು ನೋಡಿದಳು. ಮೊದಲು ಅವಳಿಗೇ ನಗು ಬಂತು. ಅಲ್ಲಿಂದ ಅದು ಹಳ್ಳದ ಎರಡು ದಂಡೆಗೂ ಹರಡಿತು. ಮುತ್ಯಾ ಮಾತ್ರ ನಗಲಿಲ್ಲ. “ನಾ ಕೇಳಿದ್ದಕ್ಕೆಲ್ಲಾ ಅಂವಾ ಬರೋಬ್ಬರಿ ಉತ್ತರ ಕೊಟ್ಟಾನಲ್ಲ,” ಎಂದ. ಅದು ನಿಜವೇ ಆಗಿತ್ತು.

ಬಂದವರು ಸುಮ್ಮನೆ ಹೋಗಲಿಲ್ಲ. ಹೆಂಗಸರು ಒಂದೊಂದು ಡಬ್ಬ ಹಿಡಿದರು. ಯಮನಪ್ಪ ಅವರ ಕೈಗಳನ್ನು ನೋಡಿ ಏನೂ ಟೀಕೆ ಮಾಡಲಿಲ್ಲ. ಮೌಲಾಸಾಬ ತಿರುಪು ಸಡಿಲಿಸಿ ಪಂಪು ಒತ್ತಿದ. ಬುಸುಬುಸು ಗುಳ್ಳೆ ಬಂದವು. ಬರುತ್ತಲೇ ಇದ್ದವು. ಎಷ್ಟು ಬಿಟ್ಟರೂ ಹೊಸ ಗಾಳಿ ಎಲ್ಲಿಂದಲೋ ಬಂದು ಸೇರುತ್ತಿತ್ತು. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯೂ ಪ್ರಾಣ ಬಿಟ್ಟಿತು. ಮುಂದಿನ ಸಾಲಿನ ಒಂದು ಡಬ್ಬದಲ್ಲಿ ಬಿಳಿ ಹೊಟ್ಟೆಗಳು ಮೇಲೆ ಕಾಣಿಸಿದವು. ಯಮನಪ್ಪ ಅವನ್ನು ಎತ್ತಿ ಹಳ್ಳದ ನೀರಿಗೆ ಬಿಟ್ಟ. ಎಲ್ಲರ ನಗುವೂ ಅಲ್ಲಿಗೆ ನಿಂತಿತು.

“ಮೌಲಾ,” ಎಂದು ಯಮನಪ್ಪ ಕರೆದ. “ಗಾಡಿ ಮೂತಿ ಕೆಳಗ ಮಾಡೇತಿ. ಡಬ್ಬ್ಯಾಗಿನ ನೀರೆಲ್ಲಾ ಮುಂದ ಬಂದ ಚೆಲ್ಲಾಕತ್ತೇತಿ, ಹಿಂದಿನ ಅಂಚಿನ್ಯಾಗ ಬರೇ ತಗಡ ಕಾಣತೈತಿ. ಏನರ ಮಾಡು.”

ಮೌಲಾಸಾಬ ಪಂಪು ಒತ್ತುವುದನ್ನು ನಿಲ್ಲಿಸಿ ಓರೆಯಾಗಿ ನಿಂತ ನೀರನ್ನೇ ನೋಡಿದ. “ಡೀಸೆಲ್ಲೂ ಹಂಗ ಮುಂದ ಸರದೈತಿ,” ಎಂದ ಮೆಲ್ಲಗೆ. “ಕೊಳವಿ ಬಾಯಿ ಟ್ಯಾಂಕಿನ ಹಿಂದ ಐತಿ. ಅದು ಗಾಳೀನ ಕುಡಿಯಾಕತ್ತೇತಿ.”

ಜೀವನವಿಡೀ ನಂಬಿದ ಇಳಿಜಾರೇ ಮೋಸ ಮಾಡಿತ್ತು. ತುಂಬಿದ ಟ್ಯಾಂಕಿಗೆ ಅದು ದೇವರು. ತಳ ಕಂಡ ಟ್ಯಾಂಕಿಗೆ ದೆವ್ವ.

ಗಾಡಿಯನ್ನು ಹಿಂದಕ್ಕೆ, ಏರಿನ ಮೇಲೆ, ಸಮನಾದ ಜಾಗಕ್ಕೆ ನೂಕಬೇಕಿತ್ತು. ಮೂವರಿಂದ ಆಗುವ ಕೆಲಸವಲ್ಲ. ದೆವ್ವ ಬಿಡಿಸಲು ಬಂದ ಗಂಡಸರೆಲ್ಲ ಬಾನೆಟ್ಟಿಗೆ ಹೆಗಲು ಕೊಟ್ಟರು. ನಾನು ಸರಿಯಾದ ಕನ್ನಡ ಮಾತಾಡಿದ್ದರೆ ಅವರಲ್ಲಿ ಒಬ್ಬರೂ ಬರುತ್ತಿರಲಿಲ್ಲ. ಮೇಲೆ ಹೋದ ಮೇಲೆ ಮೌಲಾಸಾಬ ಮತ್ತೆ ಪಂಪು ಒತ್ತಿದ. ಗುಳ್ಳೆ, ಗುಳ್ಳೆ, ನೊರೆ, ಆಮೇಲೆ ತಿರುಪಿನ ಬುಡದಿಂದ ಬರೀ ಡೀಸೆಲ್.

“ಬಿಡ್ತು,” ಎಂದ ಮುತ್ಯಾ.

ಪಾನಾ ಹಿಂದಿರುಗಿಸುವಾಗ ಅವರಿಗೆ ಏನು ಕೊಡಬೇಕೆಂದು ಕೇಳಿದೆ. ನೀಲವ್ವ ಕೊಡ ಮುಂದೆ ಹಿಡಿದಳು. “ನಮ್ಮ ಬಾವ್ಯಾಗ ಬಿಡಾಕ ಒಂದೀಟ ಮರಿ ಹಾಕ್ರಿ. ತಿನ್ನಾಕಲ್ಲ ಮತ್ತ. ನೀರ ಸೇದೂ ಮುಂದ ನೋಡಾಕ.”

ಹಾಕಿಕೊಟ್ಟೆ. ಹಿಂದಿನಿಂದ ಜನ ನೂಕಿದರು. ಗಾಡಿ ಇಳಿಜಾರಿಗೆ ಬಿತ್ತು, ಗುಡುಗಿತು, ಕರಿಹೊಗೆ ಬಿಟ್ಟು ನೀರನ್ನು ಸೀಳಿಕೊಂಡು ಆಚೆ ದಂಡೆ ಹತ್ತಿತು. ನಿಲ್ಲಿಸುವ ಧೈರ್ಯ ಮೌಲಾಸಾಬನಿಗೆ ಇರಲಿಲ್ಲ. ಈಚೆ ದಂಡೆಯಲ್ಲಿ ನಿಂತಿದ್ದ ನಾನು ಪಂಚೆ ಎತ್ತಿಕೊಂಡು ಹಳ್ಳ ದಾಟಿ, ಏರಿನ ಮೇಲೆ ಅದರ ಹಿಂದೆ ಓಡಿ ಹತ್ತಿದೆ. ಊರವರಿಗೆ ಆ ದಿನದ ಖರ್ಚು ಅಲ್ಲಿಗೆ ವಸೂಲಾಯಿತು.

ಬಸವನ ಬಾಗೇವಾಡಿ

ಬಾಗೇವಾಡಿಯಲ್ಲಿ ಎಂಜಿನ್ ನಿಲ್ಲಿಸದೆಯೇ ಅವರ ಪಾಲು ಇಳಿಸಿದೆವು, ನಿಲ್ಲಿಸದೆಯೇ ಟ್ಯಾಂಕಿನ ಕಂಠದವರೆಗೆ ಡೀಸೆಲ್ ಹಾಕಿಸಿದೆವು. ಬಂಕಿನವನು ಬೈದ. ಮೌಲಾಸಾಬ ವಿನಯದಿಂದ ಕೇಳಿಸಿಕೊಂಡ. “ಬೈರಿ ಮಾಲಕ್ರ, ಎಷ್ಟರ ಬೈರಿ. ಇದನ್ನ ಆರಿಸಿದ್ರ ಇಡೀ ಬಾಗೇವಾಡಿ ನೂಕಾಕ ಬರಬೇಕಾಗ್ತೈತಿ.”

ಹೊರಡುವಾಗ ಯಮನಪ್ಪ ಉಳಿದ ಡಬ್ಬಗಳ ಮೇಲೆ ಕಣ್ಣಾಡಿಸಿದ. “ಅದಾವ,” ಎಂದ.

ಮುದ್ದೇಬಿಹಾಳ

ಮುದ್ದೇಬಿಹಾಳ ದಾಟಿ ಯಮನಪ್ಪನ ಊರಿನ ಕೆರೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಡಬ್ಬಗಳನ್ನು ಕೆರೆಯ ನೀರಿನಲ್ಲೇ ಸ್ವಲ್ಪ ಹೊತ್ತು ತೇಲಿಬಿಟ್ಟೆವು. ಒಳಗಿನ ನೀರು, ಹೊರಗಿನ ನೀರು ಒಂದೇ ತಂಪಿಗೆ ಬರಬೇಕು. ಆಮೇಲೆ ಯಮನಪ್ಪ ಡಬ್ಬ ಓರೆ ಮಾಡಿದ. ಮರಿಗಳು ಒಂದು ಕ್ಷಣ ಅಂಚಿನಲ್ಲೇ ನಿಂತವು. ಮರುಕ್ಷಣ ಒಂದೂ ಇರಲಿಲ್ಲ. ಸತ್ತದ್ದು ತೇಲುತ್ತದೆ, ಬದುಕಿದ್ದು ಮಾಯವಾಗುತ್ತದೆ. ಅಷ್ಟು ಸಂತೋಷದಿಂದ ಖಾಲಿ ನೀರನ್ನು ನಾನು ನೋಡಿದ್ದು ಅದೇ ಮೊದಲು.

ಅವನ ತಾಯಿ ದಂಡೆಯಲ್ಲಿ ಕೂತಿದ್ದಳು. “ಇಷ್ಟ ಸಣ್ಣವು ತಂದಿಯೇನೋ?”

“ದೊಡ್ಡವು ಆಗ್ತಾವ ಯವ್ವಾ.”

“ಹೂಂ. ನೀನೂ ಇಷ್ಟ ಇದ್ದಿ.”

ಅವರ ಮನೆಯಲ್ಲೇ ಊಟವಾಯಿತು. ತಟ್ಟೆಯ ಮುಂದೆ ಕೂತ ಯಮನಪ್ಪನ ಎಡಗೈ ತನ್ನಷ್ಟಕ್ಕೆ ಗಾಳಿಯಲ್ಲಿ ನೀರು ಬಡಿಯುತ್ತಲೇ ಇತ್ತು. ಏನಾಗಿದೆ ಇವನಿಗೆ, ಎಂದು ತಾಯಿ ಮೌಲಾಸಾಬನನ್ನು ಕೇಳಿದಳು. ಅವನು ನನ್ನ ಕಡೆ ಕೈ ತೋರಿಸಿ, “ಸಾಹೇಬ್ರನ್ನ ಕೇಳ್ರಿ ಯವ್ವಾ, ಅವರ ಶುದ್ಧ ಕನ್ನಡದಾಗ ಹೇಳ್ತಾರ,” ಎಂದ.

ಬೆಳಿಗ್ಗೆ ಗಾಡಿ ಸಮನಾದ ಜಾಗದಲ್ಲಿ ನಿಂತಿತ್ತು. ಓಣಿಯವರೆಲ್ಲ ನೂಕಿ ಹೊರಡಿಸಿದರು. ಯಮನಪ್ಪನೂ ಜೊತೆಗೆ ಬಂದ; ಮುದ್ದೇಬಿಹಾಳದ ಅಂಚೆ ಕಚೇರಿಯಲ್ಲಿ ತಮ್ಮನಿಗೆ ತಂತಿ ಕೊಡಬೇಕಿತ್ತು. ತಂತಿ ಇಂಗ್ಲಿಷಿನಲ್ಲೇ ಇರಬೇಕಂತೆ, ಆದ್ದರಿಂದ ಬರೆಯುವ ಭಾರ ನನ್ನ ಮೇಲೆ ಬಿತ್ತು. ಕನ್ನಡದಲ್ಲಿ ಸೋತವನಿಗೆ ಇನ್ನೊಂದು ಅವಕಾಶ.

“ತಂತಿ ನೋಡಿದಕೂಡಲೆ ಅವ್ವ ಸತ್ತಾಳಂತ ಅಳ್ತಾನ್ರಿ,” ಎಂದ ಯಮನಪ್ಪ. “ಹಂಗ ಆಗಬಾರದು.”

ಯೋಚಿಸಿ ಬರೆದೆ: ಫಿಶ್ ಅಲೈವ್. ಮದರ್ ಆಲ್ಸೊ. ಸ್ಟಾರ್ಟ್. ತಂತಿಯವರು ಎರಡು ಸಲ ಓದಿ, ನನ್ನ ಮುಖ ನೋಡಿ, ಕಟಕಟ ಕುಟ್ಟತೊಡಗಿದರು. ಯಮನಪ್ಪನಿಗೆ ಅರ್ಥ ಬಿಡಿಸಿ ಹೇಳಿದೆ: ಮೀನು ಬದುಕಿವೆ, ಅವ್ವನೂ ಇದ್ದಾಳೆ, ‘ಸ್ಟಾರ್ಟ್’ ಎಂದರೆ ಹೊರಟು ಬಾ.

ಹೊರಗೆ ಎಂಜಿನ್ ಆರಿಸದೆ ಕೂತಿದ್ದ ಮೌಲಾಸಾಬನಿಗೆ ಕೊನೆಯ ಮಾತು ಕೇಳಿಸಿತ್ತು. “ಸ್ಟಾರ್ಟ್ ಅಂದಕೂಡಲೆ ಆಗ್ತಾನೇನೋ ಯಮನಪ್ಪಣ್ಣ? ನನ್ನ ಗಾಡಿಗಿ ಹಿಂದ ಒಂದ ಊರ ಬೇಕಾತು.”

“ನಮ್ಮ ದುರಗ್ಯಾನ್ನ ಯಾರೂ ನೂಕೂದ ಬ್ಯಾಡ,” ಎಂದ ಯಮನಪ್ಪ. “ಅಂವಾ ಹೋದ ದಿನದಿಂದ ಇಳಿಜಾರಿನ್ಯಾಗ ನಿಂತಾನ.”